ಡ್ರೋನ್ ಲೈಸೆನ್ಸ್ ಕೈಗೆ ಬಂತು, ಹಾರಿಸಲು ಡ್ರೋನ್ ಎಲ್ಲಿದೆ?

"ಮಾವ, ಡ್ರೋನ್ ಲೈಸೆನ್ಸ್ ಬಂತು" ಎಂದು 2024ರಲ್ಲಿ ಅಕ್ಕನ ಮಗ ಫೋನ್ ಮಾಡಿದಾಗ ನನಗೂ ಖುಷಿಯಾಯಿತು. ತಾಲ್ಲೂಕು ಕೇಂದ್ರದಲ್ಲಿ ಅವನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ಊರ ಜಾತ್ರೆ, ಇವುಗಳಿಂದಲೇ ಅವನ ಜೀವನ ನಡೆಯುವುದು. ಈಗ ಮದುವೆ ಮಾತಾಡಲು ಬರುವವರು ಮೊದಲು ಕೇಳುವುದೇ "ಡ್ರೋನ್ ಇದೆಯಾ?" ಎಂದು. ಪೊಲೀಸರ ಭಯ ಇಲ್ಲದೆ ಕೆಲಸ ಮಾಡೋಣ ಎಂದುಕೊಂಡು ಅವನು ಚೀಟಿ ಎತ್ತಿದ. ಒಂದು ತರಬೇತಿ ಸಂಸ್ಥೆಗೆ ಐವತ್ತು ಸಾವಿರ ಕಟ್ಟಿದ. ಬೆಂಗಳೂರಿನ ಹೊರಗೆ ಒಂದು ವಾರ ರೂಮು ಮಾಡಿಕೊಂಡು ಇದ್ದು ಕಲಿತು ಬಂದ.

ಅವನ ಮುಂದಿನ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. "ನನ್ನ ಡ್ರೋನ್‌ಗೆ ಒಂದು ನಂಬರ್ ಮಾಡಿಸಬೇಕಂತೆ ಮಾವ. ಮಾಡಿಸೋಕೆ ಹೋದ್ರೆ ಆಗ್ತಿಲ್ಲ. ಏನು ಮಾಡೋದು?"

ಅವನಿಗೆ ಉತ್ತರ ಹೇಳಬೇಕಲ್ವಾ ಎಂದು ನಾನು ನಿಯಮಗಳನ್ನು ಮೊದಲಿಂದ ಕೊನೆವರೆಗೆ ಓದಿದೆ. ಡ್ರೋನ್ ಹಾರಿಸಿ ದುಡಿಯಬೇಕಾದರೆ ಮೂರು ಬೇರೆ ಬೇರೆ ಒಪ್ಪಿಗೆ ಬೇಕು. ಒಂದು ಹಾರಿಸುವ ಮನುಷ್ಯನದು, ಇನ್ನೊಂದು ಡ್ರೋನಿನದು, ಮತ್ತೊಂದು ಹಾರುವ ಜಾಗದ್ದು. ತರಬೇತಿ ಸಂಸ್ಥೆಗಳು ಕೊಡುವುದು ಮೊದಲನೆಯದನ್ನು ಮಾತ್ರ. ಮೂರರಲ್ಲಿ ಅದೇ ಸುಲಭದ್ದು. ಉಳಿದ ಎರಡರ ವಿಷಯ ಫೀಸ್ ಕಟ್ಟುವ ಮೊದಲು ನನ್ನ ಅಳಿಯನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನೂರು ರೂಪಾಯಿಯ ಸರ್ಟಿಫಿಕೇಟ್

ಎಲ್ಲರೂ ಲೈಸೆನ್ಸ್ ಎಂದೇ ಕರೆಯುತ್ತೇವೆ. ಕಾನೂನಿನಲ್ಲಿ ಈಗ ಆ ಹೆಸರಿಲ್ಲ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳಲ್ಲಿ ಲೈಸೆನ್ಸ್ ಇತ್ತು. 2022ರ ಫೆಬ್ರುವರಿ 11ರ ತಿದ್ದುಪಡಿ ಅದನ್ನು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಎಂದು ಬದಲಿಸಿತು. ಅದರ ಜೊತೆ ಕೊಡುವವರೂ ಬದಲಾದರು. ಮೊದಲು ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೆಲಸವಾಗಿತ್ತು. ಈಗ ಡಿಜಿಸಿಎ ಮಾನ್ಯತೆ ಪಡೆದ ತರಬೇತಿ ಸಂಸ್ಥೆಯೇ ಕಲಿಸಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟನ್ನೂ ಕೊಡುತ್ತದೆ. ಇದರಿಂದ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಕಲಿಕೆಯ ಗುಣಮಟ್ಟ ಪೂರ್ತಿಯಾಗಿ ಆ ಸಂಸ್ಥೆಯ ಕೈಯಲ್ಲಿ ಉಳಿಯುತ್ತದೆ. ಹಾಗಾಗಿ ಸಂಸ್ಥೆಯ ಹೆಸರು ಡಿಜಿಸಿಎ ಪಟ್ಟಿಯಲ್ಲಿ ಇದೆಯಾ ಎಂದು ಮೊದಲು ನೋಡಿ. ಪಟ್ಟಿಯಲ್ಲಿ ಇಲ್ಲದವರೂ ಎರಡು ದಿನದ ಕೋರ್ಸ್ ಮಾಡಿ ಚೆಂದದ ಸರ್ಟಿಫಿಕೇಟ್ ಕೊಡಬಹುದು. ಹಾರಿಸಲು ಅದಕ್ಕೆ ಕಾನೂನಿನ ಬೆಲೆ ಇಲ್ಲ.

ಇಲ್ಲಿವರೆಗೆ ಬಂದಿದ್ದೂ ಸಣ್ಣ ದಾರಿಯಲ್ಲ. 2014ರ ಅಕ್ಟೋಬರ್‌ನಲ್ಲಿ ಡಿಜಿಸಿಎ ಒಂದು ಪ್ರಕಟಣೆ ಹೊರಡಿಸಿ, ಸಾಮಾನ್ಯ ಜನ ಡ್ರೋನ್ ಹಾರಿಸುವುದನ್ನೇ ನಿಲ್ಲಿಸಿತ್ತು. ಮೊದಲ ನಿಯಮ ಜಾರಿಗೆ ಬಂದಿದ್ದು 2018ರ ಡಿಸೆಂಬರ್ 1ರಂದು. 2021ರ ಮಾರ್ಚ್‌ನಲ್ಲಿ ಬಂದ ನಿಯಮಗಳಲ್ಲಿ 25 ಫಾರಂ, 72 ಬಗೆಯ ಶುಲ್ಕ ಇದ್ದವು. ಐದೇ ತಿಂಗಳಲ್ಲಿ ಅದನ್ನು ಕೈಬಿಟ್ಟು 5 ಫಾರಂ, 4 ಬಗೆಯ ಶುಲ್ಕಕ್ಕೆ ಇಳಿಸಿದರು. ಸರ್ಕಾರ ಇಲ್ಲಿ ಮಾಡಿದ್ದು ನಿಜವಾಗಿ ಒಳ್ಳೆಯ ಕೆಲಸ.

ಅರ್ಹತೆ ಸರಳವಾಗಿದೆ. ವಯಸ್ಸು 18ರಿಂದ 65ರ ಒಳಗಿರಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಮೊದಲು ಪಾಸ್‌ಪೋರ್ಟ್ ಕೇಳುತ್ತಿದ್ದರು, ಹಳ್ಳಿಯ ಎಷ್ಟೋ ಹುಡುಗರು ಹುಡುಗಿಯರು ಅಲ್ಲಿಗೇ ನಿಲ್ಲುತ್ತಿದ್ದರು. 2023ರ ಸೆಪ್ಟೆಂಬರ್ 27ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. ಈಗ ವೋಟರ್ ಐಡಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಕೊಟ್ಟರೂ ನಡೆಯುತ್ತದೆ. ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಸರ್ಕಾರದ ಶುಲ್ಕ ಬರೀ 100 ರೂಪಾಯಿ.

ಹಾಗಾದರೆ ಐವತ್ತು ಸಾವಿರ ಎಲ್ಲಿ ಹೋಯಿತು? ತರಬೇತಿಗೆ. ನಮ್ಮಲ್ಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲೇ ಕಲಿಯಬೇಕು, ಮನೆಯಲ್ಲಿ ಓದಿಕೊಂಡು ಪರೀಕ್ಷೆಗೆ ಕೂರುವಂತಿಲ್ಲ. ಸಾಮಾನ್ಯವಾಗಿ ಐದಾರು ದಿನದ ಕೋರ್ಸ್. ಮೊದಲು ನಿಯಮ, ಹವಾಮಾನ, ಬ್ಯಾಟರಿ, ತುರ್ತು ಸಮಯದಲ್ಲಿ ಏನು ಮಾಡಬೇಕು ಎಂಬ ಪಾಠ. ಆಮೇಲೆ ಕಂಪ್ಯೂಟರ್ ಮೇಲೆ ಸಿಮ್ಯುಲೇಟರ್ ಅಭ್ಯಾಸ. ಕೊನೆಗೆ ಮೈದಾನದಲ್ಲಿ ಹಾರಿಸುವುದು. ಫೀಸ್ ಒಂದೊಂದು ಕಡೆ ಒಂದೊಂದು ಥರ. ಮೂವತ್ತು ಸಾವಿರಕ್ಕೂ ಸಿಗುತ್ತದೆ, ಅದರ ಎರಡು ಪಟ್ಟು ಕೇಳುವವರೂ ಇದ್ದಾರೆ.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಪಾರ್ಟ್ 107 ಎಂಬ ನಿಯಮದ ಕೆಳಗೆ 16 ವರ್ಷ ತುಂಬಿದವರು ತಾವೇ ಓದಿಕೊಳ್ಳಬಹುದು. 175 ಡಾಲರ್ ಕಟ್ಟಿ, 60 ಪ್ರಶ್ನೆಗಳ ಪರೀಕ್ಷೆ ಬರೆದು, ಶೇ 70 ಅಂಕ ತೆಗೆದರೆ ಆಯಿತು. ಹಾರಿಸಿ ತೋರಿಸುವ ಅಗತ್ಯವೇ ಇಲ್ಲ. ಎರಡರಲ್ಲಿ ಯಾವುದು ಸರಿ? ಇಪ್ಪತ್ತೈದು ಕೆಜಿಯ ಸಿಂಪಡಣೆ ಡ್ರೋನ್ ಹಾರಿಸುವವನಿಗೆ ನಮ್ಮ ಪದ್ಧತಿಯೇ ಸರಿ ಎಂದು ನನಗನ್ನಿಸುತ್ತದೆ. ಅದು ತಲೆ ಮೇಲೆ ಬಿದ್ದರೆ ಜೀವ ಹೋಗುತ್ತದೆ. ಆದರೆ ಒಂದು ಕೆಜಿಗಿಂತ ಕಡಿಮೆ ತೂಕದ ಕ್ಯಾಮೆರಾ ಡ್ರೋನ್ ಹಾರಿಸುವ ಮದುವೆ ಫೋಟೋಗ್ರಾಫರ್‌ಗೂ ಅಷ್ಟೇ ದಿನ, ಅಷ್ಟೇ ದುಡ್ಡು ಎನ್ನುವುದು ಭಾರವೇ.

ಯಾರಿಗೆ ಈ ಸರ್ಟಿಫಿಕೇಟ್ ಬೇಡ ಎಂಬುದೂ ಗೊತ್ತಿರಬೇಕು. 250 ಗ್ರಾಂವರೆಗಿನ ಡ್ರೋನ್‌ಗೆ ನ್ಯಾನೋ ಎನ್ನುತ್ತಾರೆ, ಅದಕ್ಕೆ ಬೇಡ. 250 ಗ್ರಾಂನಿಂದ 2 ಕೆಜಿವರೆಗಿನದು ಮೈಕ್ರೋ. ಅದನ್ನು ಸುಮ್ನೆ ಖುಷಿಗೆ ಹಾರಿಸಿದರೆ ಬೇಡ. ಅದೇ ಡ್ರೋನಿನಿಂದ ದುಡ್ಡು ತೆಗೆದುಕೊಂಡು ಮದುವೆ ಚಿತ್ರೀಕರಿಸಿದರೆ ಬೇಕು. 2ರಿಂದ 25 ಕೆಜಿವರೆಗೆ ಸ್ಮಾಲ್, 150 ಕೆಜಿವರೆಗೆ ಮೀಡಿಯಂ, ಅದರಾಚೆ ಲಾರ್ಜ್. ಸರ್ಟಿಫಿಕೇಟ್ ಯಾವ ವರ್ಗಕ್ಕೆ ಸಿಕ್ಕಿದೆಯೋ ಆ ವರ್ಗದ್ದನ್ನು ಹಾರಿಸಬೇಕು. ಹಾಗಾಗಿ ಫೀಸ್ ಕಟ್ಟುವ ಮೊದಲು "ಯಾವ ವರ್ಗ ಅಂತ ನಮೂದಿಸುತ್ತೀರಿ?" ಎಂದು ಕೇಳಿಕೊಳ್ಳಿ.

ಡ್ರೋನಿಗೂ ಜಾತಕ ಬೇಕು

ಅಳಿಯ ಸಿಕ್ಕಿಹಾಕಿಕೊಂಡಿದ್ದು ಇಲ್ಲಿ. ಗಾಡಿಗೆ ಆರ್‌ಸಿ ಇರುವ ಹಾಗೆ ಪ್ರತಿ ಡ್ರೋನಿಗೂ ಯುಐಎನ್ ಎಂಬ ಗುರುತಿನ ಸಂಖ್ಯೆ ಬೇಕು. ಅದಕ್ಕೂ ಶುಲ್ಕ 100 ರೂಪಾಯಿ. ಆದರೆ ನ್ಯಾನೋ ಅಲ್ಲದ ಡ್ರೋನಿಗೆ ಆ ಸಂಖ್ಯೆ ಸಿಗಬೇಕಾದರೆ ಅದರ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ ಇರಬೇಕು. ಅದನ್ನು ಪಡೆಯುವುದು ತಯಾರಿಸಿದ ಕಂಪನಿಯ ಕೆಲಸ. ಡ್ರೋನ್ ಗಟ್ಟಿಮುಟ್ಟಾಗಿದೆಯಾ, ಸಿಗ್ನಲ್ ತಪ್ಪಿದರೆ ವಾಪಸ್ ಬರುತ್ತದಾ ಎಂದೆಲ್ಲ ಪರೀಕ್ಷೆ ಆದ ಮೇಲೆ ಡಿಜಿಸಿಎ ಕೊಡುವ ಪತ್ರ ಅದು. ಕೊಂಡವರು ಅರ್ಜಿ ಹಾಕಿ ತರಿಸಿಕೊಳ್ಳುವಂಥದ್ದಲ್ಲ.

ಹಳೆಯ ಡ್ರೋನ್‌ಗಳಿಗೆ ಒಂದು ವಿನಾಯಿತಿ ಕೊಟ್ಟಿದ್ದರು. 2021ರ ನವೆಂಬರ್ 30ರೊಳಗೆ ಇಲ್ಲಿ ತಯಾರಾದ ಅಥವಾ ಹೊರಗಿನಿಂದ ಬಂದ ಡ್ರೋನ್‌ಗಳನ್ನು ಟೈಪ್ ಸರ್ಟಿಫಿಕೇಟ್ ಇಲ್ಲದೆಯೂ ದಾಖಲಿಸಲು ಅವಕಾಶ ಇತ್ತು. ಆಗ ಮಾಡಿಸಿಕೊಂಡವರು ಬಚಾವಾದರು. ಆಮೇಲೆ ಆ ಬಾಗಿಲು ಮುಚ್ಚಿತು. 2022ರ ಫೆಬ್ರುವರಿ 9ರಂದು ವಿದೇಶಿ ಡ್ರೋನ್‌ಗಳ ಆಮದನ್ನೇ ಸರ್ಕಾರ ನಿಷೇಧಿಸಿತು. ಇಡಿಯಾಗಿ ತರುವಂತಿಲ್ಲ, ಬಿಡಿಭಾಗಗಳ ಕಿಟ್ ಮಾಡಿ ತಂದು ಇಲ್ಲಿ ಜೋಡಿಸುವಂತೆಯೂ ಇಲ್ಲ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ಅನುಮತಿ ಪಡೆದು ತರಬಹುದು. ಮೋಟಾರು, ಬ್ಯಾಟರಿಯಂಥ ಬಿಡಿ ಸಾಮಾನಿಗೆ ತಡೆ ಇಲ್ಲ.

ನಮ್ಮ ಮದುವೆಗಳಲ್ಲಿ ಹಾರುವ ಡ್ರೋನ್‌ಗಳಲ್ಲಿ ಬಹುಪಾಲು ಚೀನಾದ ಡಿಜೆಐ ಕಂಪನಿಯವು. ನಿಷೇಧದ ನಂತರ ಅವು ಬರುವ ದಾರಿ ಬದಲಾಯಿತು. ದುಬೈನಿಂದ ಬರುವವರ ಸೂಟ್‌ಕೇಸಿನಲ್ಲಿ, ಅಮೆರಿಕದಿಂದ ಬರುವ ಅಣ್ಣನ ಬ್ಯಾಗಿನಲ್ಲಿ ಬಂದವು. ಬಿಲ್ ಇರುವುದಿಲ್ಲ, ಇದ್ದರೂ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಊರಿಗೆ ಬರುವಾಗ ತಮ್ಮನಿಗೋ ಗೆಳೆಯನಿಗೋ ಡ್ರೋನ್ ತರುವ ಮೊದಲು ಇದನ್ನು ನೆನಪಿಡಬೇಕು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು. ಹಿಡಿಯದೆ ಹೊರಗೆ ಬಂದರೂ ಅದನ್ನು ದಾಖಲಿಸಲು ಆಗುವುದಿಲ್ಲ. ಅಳಿಯನ ಡ್ರೋನ್ 2023ರಲ್ಲಿ ಹೀಗೇ ಬಂದಿದ್ದು. ತಪ್ಪು ಎಂದು ಅವನಿಗೆ ಆಗ ಗೊತ್ತಿರಲಿಲ್ಲ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು ಮಾರುತ್ತಿದ್ದರಂತೆ. ಯಾರಿಗೆ ಅನುಮಾನ ಬರುತ್ತದೆ ಹೇಳಿ?

ನಿಷೇಧಕ್ಕೆ ಕಾರಣ ಇಲ್ಲ ಎಂದು ನಾನು ಹೇಳುತ್ತಿಲ್ಲ. ಗಡಿಯಲ್ಲಿ ಡ್ರೋನ್ ಎಂಥ ಆಯುಧ ಎಂದು ಈಗ ಎಲ್ಲರೂ ನೋಡಿದ್ದೇವೆ. ದೇಶದೊಳಗೆ ಡ್ರೋನ್ ತಯಾರಿಕೆ ಬೆಳೆಯಲಿ ಎಂದು ಸರ್ಕಾರ 2021ರಲ್ಲಿ 120 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯನ್ನೂ ತಂದಿತು. ತಯಾರಿಕೆ ಬೆಳೆದಿದೆ ಕೂಡ. ಆದರೆ ಯಾವ ದಿಕ್ಕಿಗೆ ಬೆಳೆದಿದೆ ನೋಡಿ. 2022ರ ಜೂನ್‌ನಲ್ಲಿ ಈ ನಿಯಮಗಳಡಿ ಮೊದಲ ಟೈಪ್ ಸರ್ಟಿಫಿಕೇಟ್ ಸಿಕ್ಕಿದ್ದು ಗುರುಗ್ರಾಮದ ಒಂದು ಕಂಪನಿಯ ಕೃಷಿ ಡ್ರೋನಿಗೆ. 2025ರ ಜನವರಿ ಕೊನೆಯ ಹೊತ್ತಿಗೆ ಒಟ್ಟು 96 ಮಾಡೆಲ್‌ಗಳಿಗೆ ಟೈಪ್ ಸರ್ಟಿಫಿಕೇಟ್ ಸಿಕ್ಕಿತ್ತು. ಅವುಗಳಲ್ಲಿ 65 ಕೃಷಿಯವು. ಆಗ ದೇಶದಲ್ಲಿ ದಾಖಲಾದ ಡ್ರೋನ್‌ಗಳು ಸುಮಾರು 29,500. ಸರ್ಟಿಫಿಕೇಟ್ ಪಡೆದ ಪೈಲಟ್‌ಗಳು 22 ಸಾವಿರಕ್ಕಿಂತ ಜಾಸ್ತಿ.

ಅಂದರೆ ಸಬ್ಸಿಡಿ ಎಲ್ಲಿದೆಯೋ ಅಲ್ಲಿಗೆ ಕಂಪನಿಗಳು ಹೋದವು. ಮದುವೆ ಫೋಟೋಗ್ರಾಫರ್ ಒಂದು ಲಕ್ಷದೊಳಗೆ ಕೊಳ್ಳಬಹುದಾದ, ಒಳ್ಳೆಯ ಕ್ಯಾಮೆರಾ ಇರುವ, ಇಲ್ಲೇ ತಯಾರಾಗಿ ಟೈಪ್ ಸರ್ಟಿಫಿಕೇಟ್ ಪಡೆದ ಡ್ರೋನ್ ಸಿಗುವುದು ತುಂಬಾ ಕಷ್ಟ. ಕ್ಯಾಮೆರಾದವರ ಕೈಯಲ್ಲಿ ಸರ್ಟಿಫಿಕೇಟ್ ಇದೆ, ಹಾರಿಸಲು ಕಾನೂನುಬದ್ಧ ಡ್ರೋನ್ ಇಲ್ಲ. ಇದು ಒಬ್ಬಿಬ್ಬರ ಕಥೆಯಲ್ಲ. ರಾಜ್ಯದ ಯಾವ ತಾಲ್ಲೂಕಿನ ಸ್ಟುಡಿಯೋಗೆ ಹೋಗಿ ಕೇಳಿದರೂ ಇದೇ ಮಾತು ಕೇಳಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಕೊಳ್ಳಲು ಸರಿಯಾದ ಮಾಡೆಲ್ ಸಿಗದಿದ್ದರೆ ತೆರಿಗೆ ಇಳಿದು ಅವರಿಗೆ ಏನು ಬಂತು?

249 ಗ್ರಾಂನ ಡ್ರೋನ್ ಕೊಂಡರೆ ಈ ತಾಪತ್ರಯವೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಅರ್ಧ ನಿಜ. ನ್ಯಾನೋ ವರ್ಗಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ವಿಮೆಯೂ ಕಡ್ಡಾಯ ಅಲ್ಲ. ಆದರೆ ಆಮದು ನಿಷೇಧ ಅದಕ್ಕೂ ಇದೆ. ಎಲ್ಲಿ ಹಾರಿಸಬಾರದು ಎಂಬ ನಿಯಮವೂ ಇದೆ. ಅದೂ ಅಲ್ಲದೆ, ನ್ಯಾನೋ ಮಾತ್ರ ಹಾರಿಸುವವನಿಗೆ ಐವತ್ತು ಸಾವಿರದ ಕೋರ್ಸ್ ಬೇಕಾಗಿಯೇ ಇರಲಿಲ್ಲ. ಇದನ್ನು ಸೇರುವ ದಿನವೇ ಹೇಳಬೇಕಾದ್ದು ಸಂಸ್ಥೆಯ ಧರ್ಮ.

ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಮೇಲೆ ಆಕಾಶವೂ ಖಾಲಿ ಇಲ್ಲ

ಡ್ರೋನಿಗೆ ನಂಬರ್ ಇದೆ, ಕೈಯಲ್ಲಿ ಸರ್ಟಿಫಿಕೇಟ್ ಇದೆ ಎಂದುಕೊಳ್ಳೋಣ. ಆಗ ನಕ್ಷೆ ನೋಡಬೇಕು. 2021ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದಲ್ಲಿ ಇಡೀ ದೇಶದ ಆಕಾಶದ ನಕ್ಷೆ ಹಾಕಿದರು. ಹಸಿರು ವಲಯದಲ್ಲಿ 400 ಅಡಿವರೆಗೆ ಯಾರನ್ನೂ ಕೇಳದೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದಲ್ಲಿ 200 ಅಡಿ ಮಾತ್ರ. ಅದಕ್ಕಿಂತ ಮೇಲೆ ಹಳದಿ ವಲಯ, ಅಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ನಿಲ್ದಾಣಕ್ಕೆ ಇನ್ನೂ ಹತ್ತಿರ ಹೋದಷ್ಟೂ ಬಿಗಿ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತೆಯೇ ಇಲ್ಲ.

ಬೆಂಗಳೂರಿನವರು ಈ ನಕ್ಷೆಯನ್ನು ಒಮ್ಮೆ ತೆರೆದು ನೋಡಬೇಕು. ದೇವನಹಳ್ಳಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ, ಊರೊಳಗೆ ಎಚ್‌ಎಎಲ್ ವಿಮಾನ ನಿಲ್ದಾಣ, ಯಲಹಂಕದಲ್ಲಿ ವಾಯುಪಡೆ ನೆಲೆ, ಪಕ್ಕದಲ್ಲೇ ಜಕ್ಕೂರು ಏರೋಡ್ರೋಮ್. ಒಂದರ ಸುತ್ತಿನ ಗೆರೆ ಮುಗಿಯುವಷ್ಟರಲ್ಲಿ ಇನ್ನೊಂದರದು ಶುರುವಾಗುತ್ತದೆ. ಯಲಹಂಕದಿಂದ ದೇವನಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಇರುವ ದೊಡ್ಡ ದೊಡ್ಡ ಮದುವೆ ರೆಸಾರ್ಟ್‌ಗಳು ಈ ಗೆರೆಗಳ ನಡುವೆಯೇ ಇವೆ. ಅತಿ ಜಾಸ್ತಿ ಡ್ರೋನ್ ಹಾರುವ ಜಾಗವೇ ಅತಿ ಜಾಸ್ತಿ ನಿರ್ಬಂಧ ಇರುವ ಜಾಗ. ಬೇರೆ ಜಿಲ್ಲೆಗಳಲ್ಲೂ ನೋಡಿಕೊಳ್ಳಬೇಕು. ಬೀದರ್‌ನಲ್ಲಿ ವಾಯುಪಡೆ, ಕಾರವಾರದಲ್ಲಿ ಕದಂಬ ನೌಕಾನೆಲೆ, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ, ಚಳ್ಳಕೆರೆಯಲ್ಲಿ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಇವೆ.

ನಕ್ಷೆ ಹಸಿರಿದ್ದ ಮಾತ್ರಕ್ಕೆ ಎಲ್ಲಾ ಮುಗಿಯಲಿಲ್ಲ. ಗಣ್ಯರ ಭೇಟಿಯೋ ದೊಡ್ಡ ಕಾರ್ಯಕ್ರಮವೋ ಇದ್ದರೆ ಎಸ್‌ಪಿ ದರ್ಜೆಯ ಅಧಿಕಾರಿ ಒಂದು ಜಾಗವನ್ನು 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಹಂಪಿ, ಬಾದಾಮಿಯಂಥ ಕಡೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬಂಡೀಪುರ, ನಾಗರಹೊಳೆಯಂಥ ಕಾಡುಗಳಲ್ಲಿ ಅರಣ್ಯ ಇಲಾಖೆಯನ್ನು ಕೇಳಬೇಕು. ಚಾರಣಕ್ಕೆ ಹೋಗಿ ಗೂಡು ಕಟ್ಟಿದ ಹದ್ದಿನ ಪಕ್ಕ ಡ್ರೋನ್ ಬಿಡುವವರನ್ನು ನಾನೇ ನೋಡಿದ್ದೇನೆ. ಆ ಹಕ್ಕಿ ಪಡುವ ಗಾಬರಿ ನೋಡಿದರೆ ಈ ನಿಯಮ ಇನ್ನೂ ಬಿಗಿಯಾಗಲಿ ಅನ್ನಿಸುತ್ತದೆ.

ಹೊಲದ ಕಡೆ ದಾರಿ ತೆರೆದಿದೆ

ಮೂರೂ ಒಪ್ಪಿಗೆಗಳು ಒಟ್ಟಿಗೆ ಸಿಗುವ ಕ್ಷೇತ್ರ ಒಂದಿದ್ದರೆ ಅದು ಕೃಷಿ. ಟೈಪ್ ಸರ್ಟಿಫಿಕೇಟ್ ಇರುವ ಡ್ರೋನ್ ಸಿಗುತ್ತದೆ. ಹೊಲಗಳ ಮೇಲಿನ ಆಕಾಶ ಬಹುಮಟ್ಟಿಗೆ ಹಸಿರು. ಸಬ್ಸಿಡಿಯೂ ಇದೆ. ಸಿಂಪಡಣೆ ಹೇಗೆ ಮಾಡಬೇಕು ಎಂಬ ಮಾರ್ಗಸೂಚಿಯನ್ನು ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಕೊಟ್ಟಿದೆ.

ನಮೋ ಡ್ರೋನ್ ದೀದಿ ಯೋಜನೆಯ ಹೆಸರು ಕೇಳಿರುತ್ತೀರಿ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ, 1,261 ಕೋಟಿ ರೂಪಾಯಿ ವೆಚ್ಚ. ಡ್ರೋನಿನ ಬೆಲೆಯಲ್ಲಿ ಶೇ 80, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಸಂಘದ ಒಬ್ಬ ಮಹಿಳೆಗೆ 15 ದಿನದ ತರಬೇತಿ. ಅದರಲ್ಲಿ 5 ದಿನ ಪೈಲಟ್ ಕೋರ್ಸ್, ಉಳಿದ 10 ದಿನ ಗೊಬ್ಬರ ಮತ್ತು ಔಷಧ ಸಿಂಪಡಣೆಯ ಪಾಠ. ಈ ವಿಂಗಡಣೆಯನ್ನು ಗಮನಿಸಿ. ಹಾರಿಸಲು ಕಲಿಯಲು ಐದು ದಿನ ಸಾಕು, ಹೊಲದಲ್ಲಿ ಕೆಲಸ ಕಲಿಯಲು ಅದರ ಎರಡು ಪಟ್ಟು ಬೇಕು ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಖಾಸಗಿಯಾಗಿ ಕಲಿಯುವ ಹುಡುಗರಿಗೆ ಆ ಹತ್ತು ದಿನದ ಪಾಠ ಸಿಗುವುದು ಕಡಿಮೆ.

ಬೇರೆ ದಾರಿಯೂ ಇದೆ. ಕೃಷಿ ಯಾಂತ್ರೀಕರಣ ಯೋಜನೆಯಡಿ, ಯಂತ್ರ ಬಾಡಿಗೆಗೆ ಕೊಡುವ ಕೇಂದ್ರ ತೆರೆಯುವವರಿಗೆ ಡ್ರೋನಿನ ಮೇಲೆ ಶೇ 40, ಗರಿಷ್ಠ 4 ಲಕ್ಷ ರೂಪಾಯಿ ಸಿಗುತ್ತದೆ. ಕೃಷಿ ಪದವೀಧರರಾದರೆ ಶೇ 50, ಗರಿಷ್ಠ 5 ಲಕ್ಷ. ಹಳ್ಳಿಯ ಉದ್ಯಮಿಯೊಬ್ಬ ಇದಕ್ಕೆ ಅರ್ಜಿ ಹಾಕಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕು, ಡ್ರೋನ್ ಪೈಲಟ್ ಸರ್ಟಿಫಿಕೇಟೂ ಇರಬೇಕು. ಅಂದರೆ ಇಲ್ಲಿ ಆ ಸರ್ಟಿಫಿಕೇಟಿಗೆ ನಿಜವಾದ ಬೆಲೆ ಇದೆ. ಅದಿಲ್ಲದೆ ಸಬ್ಸಿಡಿಯ ಬಾಗಿಲು ತೆರೆಯುವುದಿಲ್ಲ. ಅರ್ಜಿಯ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲೇ ವಿಚಾರಿಸಬಹುದು.

ತೂಕದ ಲೆಕ್ಕದಲ್ಲಿ ಹುಷಾರಾಗಿರಬೇಕು. ಡ್ರೋನ್ ಯಾವ ವರ್ಗ ಎಂದು ನೋಡುವಾಗ ತುಂಬಿದ ಟ್ಯಾಂಕನ್ನೂ ಸೇರಿಸಿ ತೂಗುತ್ತಾರೆ. ಹತ್ತು ಲೀಟರ್ ಟ್ಯಾಂಕಿನವು 25 ಕೆಜಿಯ ಗೆರೆಯೊಳಗೆ ಇರುವಂತೆ ತಯಾರಾಗುತ್ತವೆ. ಹೆಚ್ಚು ಎಕರೆ ಹೊಡೆಯಬಹುದು ಎಂದು ದೊಡ್ಡ ಟ್ಯಾಂಕಿನದು ಕೊಂಡರೆ ಅದು ಮೀಡಿಯಂ ವರ್ಗಕ್ಕೆ ಹೋಗಬಹುದು. ಆಗ ಸ್ಮಾಲ್ ವರ್ಗದ ಸರ್ಟಿಫಿಕೇಟ್ ಸಾಲುವುದಿಲ್ಲ.

ದುಡಿಮೆ ಎಷ್ಟು? ಎಕರೆಗೆ 300ರಿಂದ 500 ರೂಪಾಯಿ ಸಾಮಾನ್ಯ. ಬೆನ್ನಿಗೆ ಕಟ್ಟಿದ ಪಂಪಿನಲ್ಲಿ ಎಕರೆಗೆ ನೂರೈವತ್ತು ಲೀಟರ್ ನೀರು ಬೇಕಾದರೆ ಡ್ರೋನಿಗೆ ಹತ್ತು ಲೀಟರ್ ಸಾಕು. ಹತ್ತು ನಿಮಿಷದಲ್ಲಿ ಒಂದು ಎಕರೆ ಮುಗಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಜೊತೆ ಬ್ಯಾಟರಿ ಒಂದೆರಡು ಎಕರೆಗೆ ಖಾಲಿಯಾಗುತ್ತದೆ. ನಾಲ್ಕೈದು ಜೊತೆ ಬ್ಯಾಟರಿ, ಚಾರ್ಜ್ ಮಾಡಲು ಜನರೇಟರ್, ಎಲ್ಲವನ್ನೂ ಹೊತ್ತೊಯ್ಯಲು ಒಂದು ಗಾಡಿ, ಜೊತೆಗೊಬ್ಬ ಸಹಾಯಕ ಬೇಕು. ಬ್ಯಾಟರಿಯ ಬೆಲೆ ಜಾಸ್ತಿ, ಆಯಸ್ಸು ಕೆಲವು ನೂರು ಚಾರ್ಜ್ ಮಾತ್ರ. ಈ ಖರ್ಚನ್ನು ಎಕರೆ ದರದಲ್ಲಿ ಸೇರಿಸದೆ ಲೆಕ್ಕ ಹಾಕಿದವರು ಎರಡನೇ ವರ್ಷ ಬ್ಯಾಟರಿ ಬದಲಿಸುವಾಗ ಕಂಗಾಲಾಗುತ್ತಾರೆ.

ಬೆಳೆಯೂ ಮುಖ್ಯ. ಕಲಬುರಗಿ ಕಡೆಯ ತೊಗರಿಗೆ ಡ್ರೋನ್ ಚೆನ್ನಾಗಿ ಒಗ್ಗುತ್ತದೆ. ಹೂ ಬಿಡುವ ಹೊತ್ತಿಗೆ ಗಿಡ ಎದೆಯೆತ್ತರ ಬೆಳೆದು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಒಳಗೆ ನಡೆದು ಹೊಡೆಯುವುದು ಕಷ್ಟ. ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಗಳಿಗೂ ಸರಿ. ಮಲೆನಾಡಿನ ಅಡಿಕೆಗೆ ಮಾತ್ರ ಇಷ್ಟು ಸುಲಭ ಅಲ್ಲ. ಮರ ಹತ್ತುವ ಕೊನೆಗೌಡರು ಸಿಗುವುದು ಕಡಿಮೆಯಾಗಿದೆ, ಕೊಳೆರೋಗ ಮಳೆ ನಿಲ್ಲುವವರೆಗೆ ಕಾಯುವುದಿಲ್ಲ. ಹಾಗಾಗಿ ತೋಟದವರು ಡ್ರೋನ್ ಮೇಲೆ ಆಸೆ ಇಟ್ಟುಕೊಂಡಿದ್ದಾರೆ. ಆದರೆ ಗೊನೆ ಇರುವುದು ಸೋಗೆಗಳ ಕೆಳಗೆ. ಮೇಲಿನಿಂದ ಬಿದ್ದ ಮೈಲುತುತ್ತದ ದ್ರಾವಣ ಮೊದಲು ಸೋಗೆಯ ಮೇಲೆ ಬೀಳುತ್ತದೆ. ಗೊನೆಗೆ ಎಷ್ಟು ಸೇರಿತು ಎಂದು ನೋಡದೆ ದರ ಮಾತಾಡಬಾರದು.

ಕೋರ್ಸಿನಲ್ಲಿ ಕಲಿಸದ ಅಪಾಯಗಳು ಹೊಲದಲ್ಲಿವೆ. ಪಂಪ್‌ಸೆಟ್‌ಗೆ ಎಳೆದ ವೈರು ಎಲ್ಲೆಂದರಲ್ಲಿ ಜೋತಾಡುತ್ತಿರುತ್ತದೆ. ಬಿಸಿಲಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ಗಾಳಿ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಟೊಮೆಟೊ ಹೊಲದ ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇರುತ್ತದೆ. ಗಾಳಿಗೆ ಹಾರಿದ ಕೀಟನಾಶಕ ಆ ಸೊಪ್ಪಿನ ಮೇಲೆ ಕೂತರೆ ಪಕ್ಕದ ಮನೆಯ ರೇಷ್ಮೆ ಹುಳುಗಳು ತಟ್ಟೆಯಲ್ಲೇ ಸಾಯುತ್ತವೆ. ಒಂದು ಬೆಳೆಯ ದುಡಿಮೆ ಒಂದೇ ದಿನದಲ್ಲಿ ಹೋಗುತ್ತದೆ. ಮೂರನೆಯವರ ನಷ್ಟಕ್ಕೆ ವಿಮೆ ಮಾಡಿಸಬೇಕು ಎಂದು ನಿಯಮ ಹೇಳುವುದು ನಿಮ್ಮ ಡ್ರೋನ್ ಬೇರೆಯವರಿಗೆ ಮಾಡುವ ಹಾನಿಗಾಗಿ. ಪಾಲಿಸಿಯಲ್ಲಿ ಔಷಧ ಹಾರಿ ಆಗುವ ನಷ್ಟ ಸೇರಿದೆಯಾ ಎಂದು ಕೇಳಿ ಮಾಡಿಸಿ.

ಸರ್ವೆ ಕೆಲಸದಲ್ಲೂ ಅವಕಾಶ ಇದೆ. ಹೆದ್ದಾರಿ ಕಾಮಗಾರಿಗಳನ್ನು ಪ್ರತಿ ತಿಂಗಳು ಡ್ರೋನಿನಿಂದ ಚಿತ್ರೀಕರಿಸಬೇಕೆಂದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2021ರ ಜೂನ್‌ನಲ್ಲಿ ಕಡ್ಡಾಯ ಮಾಡಿತು. ಅದೇ ವರ್ಷ ಬಂದ ಗಣಿ ನಿಯಮದ ಪ್ರಕಾರ 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗಣಿಗಳು ವರ್ಷಕ್ಕೊಮ್ಮೆ ಡ್ರೋನ್ ಸರ್ವೆ ಮಾಡಿಸಿ ಚಿತ್ರ ಸಲ್ಲಿಸಬೇಕು. ಬಳ್ಳಾರಿ, ಸಂಡೂರಿನ ಕಡೆಯವರಿಗೆ ಇದು ಕೈಗೆಟಕುವ ಕೆಲಸ. ಸ್ವಾಮಿತ್ವ ಯೋಜನೆಯಲ್ಲಿ ಮನೆ ಸುತ್ತ ಸುಣ್ಣದ ಗೆರೆ ಎಳೆದು, ಮೇಲಿನಿಂದ ಡ್ರೋನ್ ಹಾರಿಸಿ ಗ್ರಾಮಠಾಣಾ ಜಾಗದ ನಕ್ಷೆ ಮಾಡಿದ್ದನ್ನು ಹಳ್ಳಿಯವರು ನೋಡಿದ್ದೀರಿ. ಆದರೆ ಇಲ್ಲಿ ಸಂಬಳ ಸಿಗುವುದು ಹಾರಿಸುವುದಕ್ಕಲ್ಲ. ತೆಗೆದ ನೂರಾರು ಚಿತ್ರಗಳನ್ನು ಜೋಡಿಸಿ, ಅಳತೆ ಸರಿಹೊಂದಿಸಿ, ನಕ್ಷೆ ಮಾಡಿ ಕೊಡುವವರಿಗೆ ಬೆಲೆ. ಸಿವಿಲ್ ಡಿಪ್ಲೊಮಾ ಮಾಡಿದವರು, ಸರ್ವೆ ಗೊತ್ತಿರುವವರು ಪೈಲಟ್ ಸರ್ಟಿಫಿಕೇಟ್ ಮಾಡಿಕೊಂಡರೆ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಡ್ರೋನಿನಲ್ಲಿ ಔಷಧ, ಪಾರ್ಸೆಲ್ ಸಾಗಿಸುವ ಕನಸೂ ಹಲವರಿಗಿದೆ. 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಅದರ ಪ್ರಯೋಗ ನಡೆದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ವಿಜ್ಞಾನಿಗಳ ಡ್ರೋನ್ ಚಂದಾಪುರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ 50 ವೈಲ್ ಕೋವಿಡ್ ಲಸಿಕೆಯನ್ನು ಹತ್ತು ನಿಮಿಷದಲ್ಲಿ ತಲುಪಿಸಿತು. ಆದರೆ ಅವು ಕಣ್ಣಳತೆ ದಾಟಿ ಹಾರಿದವು. ಐದು ದಿನದ ಕೋರ್ಸ್ ಕೊಡುವ ಸರ್ಟಿಫಿಕೇಟ್ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ.

ಬರಲಿರುವ ಕಾಯ್ದೆ

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡ್ರೋನ್‌ಗಳಿಗಾಗಿಯೇ ಪ್ರತ್ಯೇಕ ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ಗುರುತಿನ ಸಂಖ್ಯೆ, ಟೈಪ್ ಸರ್ಟಿಫಿಕೇಟ್, ವಿಮೆ ಎಲ್ಲವೂ ಅದರಲ್ಲಿ ಬಿಗಿಯಾಗಿವೆ. ಡ್ರೋನ್ ವಶಪಡಿಸಿಕೊಳ್ಳಲು ಅಧಿಕಾರ, ಕೆಲವು ತಪ್ಪುಗಳಿಗೆ ಜೈಲು ಶಿಕ್ಷೆ ಕೂಡ ಇದೆ. ಡ್ರೋನಿನಿಂದ ಸತ್ತವರ, ಗಾಯಗೊಂಡವರ ಮನೆಯವರಿಗೆ ಪರಿಹಾರ ಸಿಗುವ ವ್ಯವಸ್ಥೆ ಇದೆ, ಅದು ಬೇಕಾದ್ದೇ. ಆದರೆ ಕೊಳ್ಳಲು ಸರಿಯಾದ ಕ್ಯಾಮೆರಾ ಡ್ರೋನ್ ಇಲ್ಲದಿರುವಾಗ ಶಿಕ್ಷೆ ಮಾತ್ರ ಹೆಚ್ಚಿಸಿದರೆ ಸಿಕ್ಕಿಬೀಳುವುದು ಸರ್ಟಿಫಿಕೇಟ್ ಮಾಡಿಸಿಕೊಂಡು ಸರಿಯಾಗಿ ಬದುಕಲು ನೋಡಿದವರೇ.

ಇದಕ್ಕೆ ಒಂದು ದಾರಿ ಇದೆ, ಮತ್ತು ಸರ್ಕಾರ ಆ ದಾರಿಯಲ್ಲಿ ಒಮ್ಮೆ ನಡೆದಿದೆ. 2020ರ ಜನವರಿಯಲ್ಲಿ, ದಾಖಲೆ ಇಲ್ಲದ ಡ್ರೋನ್ ಇಟ್ಟುಕೊಂಡವರು ತಾವಾಗಿಯೇ ಬಂದು ತಿಳಿಸಿ ಎಂದು ವಿಮಾನಯಾನ ಸಚಿವಾಲಯ ಜನವರಿ 31ರವರೆಗೆ ಸಮಯ ಕೊಟ್ಟಿತ್ತು. ಹೇಳಿಕೊಂಡವರಿಗೆ ಒಂದು ಸಂಖ್ಯೆ ಕೊಟ್ಟರು. ಅಂಥದ್ದೇ ಇನ್ನೊಂದು ಅವಕಾಶ ಈಗ ಬೇಕು. ಪೈಲಟ್ ಸರ್ಟಿಫಿಕೇಟ್ ಇರುವವರಿಗೆ ಮಾತ್ರ, ಎರಡು ಕೆಜಿಯೊಳಗಿನ ಡ್ರೋನ್‌ಗೆ ಮಾತ್ರ, ಒಬ್ಬರಿಗೆ ಒಂದೇ ಎಂದು ಷರತ್ತು ಹಾಕಲಿ. ದಂಡ ಕಟ್ಟಿಸಿಕೊಳ್ಳಲಿ, ವಿಮೆ ಮಾಡಿಸಲಿ. ಯಾರ ಕೈಯಲ್ಲಿ ಯಾವ ಡ್ರೋನ್ ಇದೆ ಎಂದು ಗೊತ್ತಾಗುವುದು ಭದ್ರತೆಗೂ ಒಳ್ಳೆಯದೇ ಅಲ್ವಾ?

ಅಳಿಯ ಈಗ ಹತ್ತಿರದ ರೈತ ಉತ್ಪಾದಕ ಕಂಪನಿಯೊಂದರ ಸಿಂಪಡಣೆ ಡ್ರೋನ್ ಹಾರಿಸುತ್ತಿದ್ದಾನೆ. ಸೀಸನ್ನಿನಲ್ಲಿ ಬೆಳಿಗ್ಗೆ ಐದಕ್ಕೆ ಹೊಲದಲ್ಲಿರುತ್ತಾನೆ, ಗಾಳಿ ಏಳುವ ಮೊದಲು ಮುಗಿಸುತ್ತಾನೆ. ಮದುವೆಗೆ ಡ್ರೋನ್ ಶಾಟ್ ಬೇಕೆಂದವರಿಗೆ ಹಳೆಯ ನಂಬರ್ ಇರುವ ಡ್ರೋನಿನ ಇನ್ನೊಬ್ಬ ಫೋಟೋಗ್ರಾಫರ್‌ನನ್ನು ಕರೆಸಿ ದುಡ್ಡು ಹಂಚಿಕೊಳ್ಳುತ್ತಾನೆ. ಅವನದು ಸ್ಟುಡಿಯೋದ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ತೆಗೆದು ಬ್ಯಾಟರಿ ಚಾರ್ಜ್ ಮಾಡಿ ಮತ್ತೆ ಅಲ್ಲೇ ಇಡುತ್ತಾನೆ. ಸರ್ಟಿಫಿಕೇಟ್‌ನ ಅವಧಿ 2034ರವರೆಗೆ ಇದೆ.